ಮುನ್ನೂರು ವರ್ಷ ಬದುಕಿದರೆ? ವೈಜ್ಞಾನಿಕ ಕಥೆಗಳ ಮೂಲಕ ಮುಪ್ಪಿನ ಪಾಠ

ಹಿನ್ನೆಲೆ

ಮೂರನೇ ಸೆಮಿಸ್ಟರಿನ ಶಾಲಾ ಇಂಟರ್ನ್‌ಶಿಪ್‌ಗೆ ನನ್ನನ್ನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಹಾಕಿದ್ದರು. ಒಂಬತ್ತನೇ ತರಗತಿಗೆ ಜೀವಶಾಸ್ತ್ರ. ತರಗತಿಯಲ್ಲಿ 38 ಮಕ್ಕಳು. ಕೋಶ ವಿಭಜನೆಯ ಪಾಠವನ್ನು ಚಾರ್ಟ್ ತೂಗುಹಾಕಿ, ಕರಿಹಲಗೆಯಲ್ಲಿ ಚಿತ್ರ ಬರೆದು ಮುಗಿಸಿದ್ದೆ. ಒಂದು ಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ, ಗಾಯ ಮಾಯುವುದೂ ಮಕ್ಕಳು ಬೆಳೆಯುವುದೂ ಹೀಗೆಯೇ ಎಂದು ಹೇಳಿ ಪುಸ್ತಕ ಮುಚ್ಚುವಷ್ಟರಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು.

"ಮಿಸ್, ಹಳೇ ಕೋಶ ಹೋಗಿ ಹೊಸ ಕೋಶ ಬರ್ತಾನೇ ಇದ್ರೆ ನಾವ್ಯಾಕೆ ಮುದುಕರಾಗ್ತೀವಿ?"

ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ನಾಳೆ ಹೇಳುತ್ತೇನೆ ಎಂದೆ. ಆ ಒಂದು ಪ್ರಶ್ನೆಯಿಂದ ಎರಡು ಅವಧಿಗಳ ಪೂರಕ ಪಾಠ ಹುಟ್ಟಿತು. ಮೊದಲ ಅವಧಿಯಲ್ಲಿ ನಾನು ಎರಡು ತಪ್ಪು ಮಾಡಿದೆ. ಎರಡನೇ ಅವಧಿ ಅವನ್ನು ತಿದ್ದಲು ಹೋಯಿತು. ಮುಂದೆ ಈ ಪಾಠ ಮಾಡುವ ಸಹಪಾಠಿಗಳಿಗೆ ಉಪಯೋಗವಾಗಲಿ ಎಂದು ಎರಡನ್ನೂ ಇಲ್ಲಿ ಬರೆದಿದ್ದೇನೆ.

ಕಥೆ ಏಕೆ?

ಮುಪ್ಪು ಮಕ್ಕಳಿಗೆ ದೂರದ ವಿಷಯ. ಹದಿನಾಲ್ಕು ವರ್ಷದವರಿಗೆ ಮೂವತ್ತು ವರ್ಷದವರೇ ವಯಸ್ಸಾದವರು. ಹಾಗಾಗಿ ನೇರವಾಗಿ ವಿವರಣೆಗೆ ಇಳಿಯದೆ, ಬಹಳ ಕಾಲ ಬದುಕುವವರ ಕಥೆಗಳನ್ನು ಮುಂದಿಟ್ಟು "ಇದರಲ್ಲಿ ಯಾವುದು ಆಗಬಹುದು, ಯಾವುದು ಆಗಲಾರದು?" ಎಂದು ಕೇಳುವ ಯೋಜನೆ ಹಾಕಿದೆ. ಇದಕ್ಕಾಗಿ ನಾಲ್ಕು ಕೃತಿಗಳನ್ನು ಆರಿಸಿಕೊಂಡೆ.

ಒಂದು, ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ 'ಗಲಿವರ್ಸ್ ಟ್ರಾವೆಲ್ಸ್'. ಇದರ ಮೂರನೇ ಭಾಗದಲ್ಲಿ ಲಗ್ನ್ಯಾಗ್ ಎಂಬ ನಾಡು ಬರುತ್ತದೆ. ಅಲ್ಲಿ ಅಪರೂಪಕ್ಕೆ ಒಂದು ಮಗು ಎಡ ಹುಬ್ಬಿನ ಮೇಲೆ ಕೆಂಪು ಮಚ್ಚೆಯೊಂದಿಗೆ ಹುಟ್ಟುತ್ತದೆ. ಅಂಥವರಿಗೆ ಸಾವಿಲ್ಲ. ಅವರನ್ನು ಸ್ಟ್ರಲ್ಡ್‌ಬ್ರಗ್‌ಗಳೆಂದು ಕರೆಯುತ್ತಾರೆ. ಎರಡು, ಜೆಕ್ ಲೇಖಕ ಕಾರೆಲ್ ಚಾಪೆಕ್‌ನ 1922ರ ನಾಟಕ 'ಮಾಕ್ರೊಪುಲೋಸ್ ಪ್ರಕರಣ'. 'ರೋಬೋಟ್' ಎಂಬ ಪದವನ್ನು ಜಗತ್ತಿಗೆ ಕೊಟ್ಟ ನಾಟಕವನ್ನು ಬರೆದವನೂ ಇವನೇ ಎಂದಾಗ ಮಕ್ಕಳ ಕಿವಿ ನೆಟ್ಟಗಾಯಿತು. ಮೂರು, ರಾಬರ್ಟ್ ಹೈನ್‌ಲೈನ್ 1941ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರೆದ 'ಮೆಥುಸೆಲಾಸ್ ಚಿಲ್ಡ್ರನ್'. ನಾಲ್ಕು, ಐಸಾಕ್ ಅಸಿಮೋವ್‌ನ 1954ರ ಕಾದಂಬರಿ 'ದಿ ಕೇವ್ಸ್ ಆಫ್ ಸ್ಟೀಲ್'.

ಕಲಿಕಾ ಫಲಗಳು

1. ಸರಾಸರಿ ಆಯುಷ್ಯ ಮತ್ತು ಗರಿಷ್ಠ ಆಯುಷ್ಯದ ವ್ಯತ್ಯಾಸವನ್ನು ಲೆಕ್ಕದ ಮೂಲಕ ಹೇಳುವುದು.
2. ಕೋಶಗಳ ವಿಭಜನೆಗೆ ಮಿತಿಯಿದೆ ಎಂಬುದನ್ನು ಮಾದರಿಯ ಮೂಲಕ ತೋರಿಸುವುದು.
3. ಕಥೆಯ ಊಹೆಯನ್ನೂ ವಿಜ್ಞಾನದ ತಿಳಿವಳಿಕೆಯನ್ನೂ ಬೇರ್ಪಡಿಸುವುದು.

ಮೊದಲ ಅವಧಿ

ಪೀಠಿಕೆಯಾಗಿ ಒಂದು ಲೆಕ್ಕ ಕೊಟ್ಟೆ. ಒಂದು ಮನೆಯಲ್ಲಿ ನಾಲ್ಕು ಮಕ್ಕಳು. ಒಂದು ಹುಟ್ಟಿದ ದಿನವೇ ತೀರಿಕೊಂಡಿತು, ಒಂದು ಎರಡನೇ ವರ್ಷದಲ್ಲಿ. ಉಳಿದಿಬ್ಬರು 68 ಮತ್ತು 70 ವರ್ಷ ಬದುಕಿದರು. ಸರಾಸರಿ ಎಷ್ಟು? ಕೂಡಿ ನಾಲ್ಕರಿಂದ ಭಾಗಿಸಿದಾಗ 35 ಬಂತು. "ಹಾಗಾದರೆ ಆ ಮನೆಯಲ್ಲಿ 35ಕ್ಕೇ ಮುದುಕರಾಗುತ್ತಿದ್ದರಾ?" ಎಂದು ಕೇಳಿದೆ. ಮಕ್ಕಳು ನಕ್ಕರು. ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷವಿತ್ತು, ಈಗ ಸುಮಾರು 70 ಇದೆ. ಹೆಚ್ಚಳದ ದೊಡ್ಡ ಭಾಗ ಬಂದದ್ದು ಹಸುಗೂಸುಗಳ ಮತ್ತು ಬಾಣಂತಿಯರ ಸಾವು ತಗ್ಗಿದ್ದರಿಂದ, ಲಸಿಕೆ, ಶುದ್ಧ ನೀರು, ಔಷಧಗಳಿಂದ. ಮುಪ್ಪು ಮಾತ್ರ ಮೊದಲಿನ ವಯಸ್ಸಿಗೇ ಬರುತ್ತದೆ. ಅಲ್ಲಿಗೆ ತಲುಪುವವರು ಹೆಚ್ಚಾಗಿದ್ದಾರೆ.

ಇನ್ನು ಗರಿಷ್ಠ ಆಯುಷ್ಯ. ನಮ್ಮ ಜಿಲ್ಲೆಯ ಮಕ್ಕಳಿಗೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮೀಜಿಯವರ ಉದಾಹರಣೆ ಹತ್ತಿರದ್ದು. 1907ರ ಏಪ್ರಿಲ್ 1ರಿಂದ 2019ರ ಜನವರಿ 21ರವರೆಗೆ ಎಷ್ಟಾಯಿತೆಂದು ಮಕ್ಕಳೇ ಲೆಕ್ಕ ಹಾಕಿ 111 ವರ್ಷ 9 ತಿಂಗಳು ಎಂದರು. ದಾಖಲೆಗಳಿಂದ ದೃಢಪಟ್ಟ ಅತಿ ದೀರ್ಘ ಆಯುಷ್ಯ ಫ್ರಾನ್ಸಿನ ಜಾನ್ ಕಾಲ್ಮಾಂ ಎಂಬಾಕೆಯದು. 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡಾಗ ಆಕೆಗೆ 122 ವರ್ಷ 164 ದಿನ. ಅಂದಿನಿಂದ ಇಂದಿನವರೆಗೆ ಆ ಗೆರೆ ದಾಟಿದವರಿಲ್ಲ.

ಬಳಿಕ ಮಾದರಿ. ಪ್ರತಿ ಗುಂಪಿಗೆ ಒಂದು ಕಾಗದದ ಪಟ್ಟಿ ಕೊಟ್ಟೆ. ನಡುವೆ "ರಾಗಿ ಬೆಳೆ ಚೆನ್ನಾಗಿದೆ" ಎಂದು ಬರೆದು, ಎರಡೂ ತುದಿಯಲ್ಲಿ ಹತ್ತತ್ತು ಖಾಲಿ ಚೌಕಗಳನ್ನು ಬಿಟ್ಟಿದ್ದೆ. ಪಟ್ಟಿ ಎಂದರೆ ವರ್ಣತಂತು, ವಾಕ್ಯ ಎಂದರೆ ಜೀನುಗಳು. ಖಾಲಿ ಚೌಕಗಳು ಟೆಲೋಮಿಯರ್. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಎಳೆ ಬಿಚ್ಚಿಹೋಗದಿರಲಿ ಎಂದಲ್ಲವೇ? ಟೆಲೋಮಿಯರ್ ವರ್ಣತಂತುವಿನ ಕುಚ್ಚು. ಕೋಶ ಒಡೆಯುವಾಗಲೆಲ್ಲ ಡಿಎನ್‌ಎಯ ತುದಿಯವರೆಗೆ ಪೂರ್ತಿ ನಕಲು ಆಗುವುದಿಲ್ಲ, ಸ್ವಲ್ಪ ಕಡಿಮೆಯಾಗುತ್ತದೆ. ನಾನು ಚಪ್ಪಾಳೆ ತಟ್ಟಿದಾಗಲೆಲ್ಲ ಮಕ್ಕಳು ತುದಿಗಳಿಂದ ಒಂದೊಂದು ಚೌಕ ಕತ್ತರಿಸಬೇಕು. ಹತ್ತನೇ ಚಪ್ಪಾಳೆಗೆ ಚೌಕಗಳು ಮುಗಿದವು. ಹನ್ನೊಂದನೆಯದಕ್ಕೆ "ರಾ" ಹೋಗುತ್ತದೆ ಎಂದು ಮಕ್ಕಳೇ ಕೂಗಿ ಕತ್ತರಿ ನಿಲ್ಲಿಸಿದರು. ಕೋಶವೂ ಮಾಡುವುದು ಅದನ್ನೇ: ಅಕ್ಷರಕ್ಕೆ ಕತ್ತರಿ ಬೀಳುವ ಮುಂಚೆಯೇ ವಿಭಜನೆ ನಿಲ್ಲಿಸುತ್ತದೆ.

ಇದರ ಹಿಂದಿನ ಇತಿಹಾಸ ಮಕ್ಕಳಿಗೆ ಬಹಳ ಹಿಡಿಸಿತು. 1912ರಲ್ಲಿ ಅಲೆಕ್ಸಿಸ್ ಕಾರೆಲ್ ಕೋಳಿ ಭ್ರೂಣದ ಹೃದಯದ ತುಣುಕನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಆರಂಭಿಸಿದರು. ಆ ಕೃಷಿ ದಶಕಗಳ ಕಾಲ ನಡೆದದ್ದರಿಂದ ದೇಹದ ಹೊರಗೆ ಕೋಶಗಳಿಗೆ ಸಾವಿಲ್ಲ ಎಂದು ವಿಜ್ಞಾನಿಗಳು ನಂಬಿದ್ದರು. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಮನುಷ್ಯನ ಕೋಶಗಳು ಸುಮಾರು 50 ಸಲ ಒಡೆದು ನಿಂತುಹೋಗುತ್ತವೆ ಎಂದು ತೋರಿಸಿದರು. ದೊಡ್ಡವರ ಮಾತೆಂದು ಅರ್ಧ ಶತಮಾನ ಉಳಿದಿದ್ದ ನಂಬಿಕೆ ಬಿತ್ತು. ಟೆಲೋಮಿಯರ್ ಕುರಿತ ಕೆಲಸಕ್ಕೆ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್ ಮತ್ತು ಜ್ಯಾಕ್ ಶೋಸ್ಟಾಕ್ ಅವರಿಗೆ 2009ರ ನೊಬೆಲ್ ಬಂತು.

ಕೊನೆಗೆ ಸ್ವಿಫ್ಟ್‌ನ ಕಥೆ. ಸಾವಿಲ್ಲದವರ ಸುದ್ದಿ ಕೇಳಿ ಗಲಿವರ್ ಹಿಗ್ಗುತ್ತಾನೆ, ತಾನೂ ಹಾಗೆ ಹುಟ್ಟಿದ್ದರೆ ಎಷ್ಟೆಲ್ಲ ಕಲಿಯಬಹುದಿತ್ತು ಎಂದು ಕನಸು ಕಟ್ಟುತ್ತಾನೆ. ಆದರೆ ಅವರಿಗೆ ಸಾವಿಲ್ಲವೇ ಹೊರತು ಮುಪ್ಪು ಇದೆ. ಎಂಬತ್ತಾದಾಗ ಕಾನೂನಿನ ಲೆಕ್ಕದಲ್ಲಿ ಸತ್ತವರು, ಆಸ್ತಿ ವಾರಸುದಾರರ ಪಾಲು. ತೊಂಬತ್ತಕ್ಕೆ ಹಲ್ಲೂ ಕೂದಲೂ ಉದುರುತ್ತವೆ, ನಾಲಿಗೆಗೆ ರುಚಿ ತಿಳಿಯದು, ಹತ್ತಿರದವರ ಹೆಸರೂ ನೆನಪಿರದು. ಇದನ್ನು ಹೇಳುವಾಗ ನಾನು ಕರಿಹಲಗೆ ತೋರಿಸುವ ಕೋಲನ್ನೇ ಊರುಗೋಲು ಮಾಡಿಕೊಂಡು, ಬೆನ್ನು ಬಾಗಿಸಿ, ಬೊಚ್ಚುಬಾಯಿಯ ದನಿ ಮಾಡಿ ನಾಲ್ಕು ಹೆಜ್ಜೆ ನಡೆದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಮುಕ್ತಾಯವಾಗಿ "ಕೋಶಗಳು ಒಡೆಯುವುದನ್ನು ನಿಲ್ಲಿಸುತ್ತವೆ, ಅದಕ್ಕೇ ನಮಗೆ ಮುಪ್ಪು ಬರುತ್ತದೆ, ಮರೆವು ಬರುತ್ತದೆ" ಎಂದು ಹಲಗೆಯ ಮೇಲೆ ಬರೆದೆ. ನಮ್ಮ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಹಾಳೆಯಲ್ಲಿ "ತರಗತಿ ಜೀವಂತವಾಗಿತ್ತು, ಉಪಕರಣ ಸೊಗಸಾಗಿದೆ" ಎಂದು ಬರೆದರು. ಖುಷಿಯಲ್ಲೇ ಹೊರಬಂದೆ.

ಚೀಟಿ

ಅವಧಿಯ ಕೊನೆಗೆ ಪ್ರತಿಯೊಬ್ಬರೂ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಡುವ ರೂಢಿ ಮಾಡಿದ್ದೆ. ಸ್ಟಾಫ್ ರೂಮಿನಲ್ಲಿ ಕೂತು ಓದುತ್ತಾ ಹೋದೆ. ಆಮೆ ಎಷ್ಟು ವರ್ಷ ಬದುಕುತ್ತದೆ, ಅಶ್ವತ್ಥಾಮ ಈಗಲೂ ಇದ್ದಾನಾ, ಹೀಗೆ. ಒಂದು ಚೀಟಿಯಲ್ಲಿ ಇಷ್ಟಿತ್ತು: "ನಮ್ಮಜ್ಜಿ ನನ್ನನ್ನ ಚಿಕ್ಕಪ್ಪನ ಹೆಸರಲ್ಲಿ ಕರೀತಾರೆ. ನಮ್ಮಪ್ಪ ಯಾರು ಅಂತ ಕೇಳ್ತಾರೆ. ಅವರ ತಲೇಲಿ ಕೋಶ ಒಡೆಯೋದು ನಿಂತೋಗಿದೆಯಾ?" ಹೆಸರು ಬರೆದಿರಲಿಲ್ಲ. ಆದರೆ ಆ ದಿನ ನಗದೇ ಕೂತಿದ್ದ ಒಬ್ಬ ಹುಡುಗನನ್ನು ನಾನು ಕಂಡಿದ್ದೆ. ಕಂಡೂ ಕೋಲು ಊರಿ ನಡೆದಿದ್ದೆ.

ಮೊದಲ ತಪ್ಪು ಅಲ್ಲೇ ತಿಳಿಯಿತು. ಅವನ ಮನೆಯಲ್ಲಿ ದಿನವೂ ನಡೆಯುವುದನ್ನು ನಾನು ಅಣಕವಾಡಿ ತೋರಿಸಿದ್ದೆ. ಎರಡನೆಯದು ಉತ್ತರ ಹುಡುಕುವಾಗ ತಿಳಿಯಿತು. ಅವನ ಪ್ರಶ್ನೆಗೆ ಉತ್ತರ "ಇಲ್ಲ". ಮೆದುಳಿನ ಬಹುಪಾಲು ನರಕೋಶಗಳು ನಾವು ಹುಟ್ಟುವ ಹೊತ್ತಿಗೇ ತಯಾರಾಗಿರುತ್ತವೆ, ಆಮೇಲೆ ಒಡೆಯುವುದಿಲ್ಲ. ಒಡೆಯದ ಕೋಶಕ್ಕೆ ಹೇಫ್ಲಿಕ್‌ನ 50ರ ಮಿತಿಯನ್ನು ಹೇಗೆ ಹಚ್ಚುವುದು? ನಾನು ಹಲಗೆಯ ಮೇಲೆ ಬರೆದ ಕೊನೆಯ ವಾಕ್ಯವೇ ತಪ್ಪು. ಬಿ.ಎಸ್ಸಿ.ಯಲ್ಲಿ ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಚೆಂದದ ಮಾದರಿಯೊಂದು ಕೈಗೆ ಸಿಕ್ಕಿದ್ದರಿಂದ ಅದು ಎಲ್ಲವನ್ನೂ ವಿವರಿಸಲಿ ಎಂದು ಬಯಸಿದೆ.

ಉಪನ್ಯಾಸಕರಿಗೆ ಹೇಳಿದೆ. ಕೊಟ್ಟ ಅಂಕ ಕಡಿಮೆ ಮಾಡುತ್ತಾರೇನೋ ಎಂಬ ಅಳುಕೂ ಇತ್ತು. ಅವರು ಚೀಟಿಯನ್ನು ಎರಡು ಸಲ ಓದಿ, "ನಾನೂ ಅಲ್ಲೇ ಕೂತಿದ್ದೆ, ನನಗೂ ಹೊಳೀಲಿಲ್ಲ. ನಾಳೆ ಮೊದಲು ಹಲಗೆ ತಿದ್ದಿ, ಆಮೇಲೆ ಪಾಠ ಮಾಡಿ" ಎಂದರು.

ಎರಡನೇ ಅವಧಿ

ಮೊದಲು ಹಿಂದಿನ ದಿನದ ವಾಕ್ಯವನ್ನೇ ಹಲಗೆಯ ಮೇಲೆ ಬರೆದು, "ಇದರಲ್ಲಿ ತಪ್ಪಿದೆ, ತಪ್ಪು ನನ್ನದು" ಎಂದೆ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಕರುಳಿನ ಒಳಪದರದ ಕೋಶಗಳು ಕೆಲವೇ ದಿನಗಳಲ್ಲಿ ಬದಲಾಗುತ್ತವೆ. ನರಕೋಶ ಮಾತ್ರ ನಮ್ಮಷ್ಟೇ ವಯಸ್ಸಿನದು. ಆದ್ದರಿಂದ ಮುಪ್ಪಿಗೆ ಒಂದೇ ಕಾರಣವಿಲ್ಲ. ಟೆಲೋಮಿಯರ್ ಸವೆಯುವುದು ಒಂದು. ಡಿಎನ್‌ಎಗೆ ಆಗುವ ಹಾನಿ ಕೂಡುತ್ತಾ ಹೋಗುವುದು, ಕೋಶದೊಳಗೆ ಕೆಟ್ಟ ಪ್ರೋಟೀನುಗಳು ಉಳಿದುಬಿಡುವುದು, ಮೈಟೊಕಾಂಡ್ರಿಯಾ ಸೊರಗುವುದು ಇನ್ನುಳಿದವು.

"ಒಂದು ಚೀಟಿಯಲ್ಲಿ ಬಹಳ ಒಳ್ಳೆಯ ಪ್ರಶ್ನೆ ಬಂದಿತ್ತು" ಎಂದು, ಯಾರದೆಂದು ಹೇಳದೆ, ಮರೆವಿನ ವಿಷಯ ಎತ್ತಿದೆ. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ವಯಸ್ಸಿನ ಮರೆವು. ಮಗನನ್ನೇ ಗುರುತಿಸದಿರುವುದು ಕಾಯಿಲೆ. ಅದಕ್ಕೆ ಡಿಮೆನ್ಷಿಯಾ ಎನ್ನುತ್ತಾರೆ. ಅದರಲ್ಲಿ ಹೆಚ್ಚಾಗಿ ಕಾಣುವುದು ಆಲ್‌ಝೈಮರ್ ಕಾಯಿಲೆ, 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಝೈಮರ್ ಮೊದಲು ವಿವರಿಸಿದ್ದು. ವಯಸ್ಸಾದಂತೆ ಅದು ಬರುವ ಸಂಭವ ಹೆಚ್ಚು, ಆದರೆ ವಯಸ್ಸಾದ ಎಲ್ಲರಿಗೂ ಬರುವುದಿಲ್ಲ. ಅದು ಅರಳುಮರುಳೂ ಅಲ್ಲ, ಹಟವೂ ಅಲ್ಲ. ವೈದ್ಯರಿಗೆ ತೋರಿಸಬೇಕಾದ ವಿಷಯ. "ನಿನ್ನೆ ನಾನು ಬೆನ್ನು ಬಾಗಿಸಿ ನಡೆದು ನಗಿಸಿದೆ. ಅದು ನಗುವ ವಿಷಯವಲ್ಲ, ಮಾಡಬಾರದಿತ್ತು" ಎಂದೂ ಹೇಳಿದೆ. ತರಗತಿ ನಿಶ್ಶಬ್ದವಾಗಿತ್ತು. ನನಗೆ ಅಂಗೈ ಬೆವರಿತ್ತು.

ಬಳಿಕ ನಾಲ್ಕು ಗುಂಪು, ನಾಲ್ಕು ಕಥೆ. ಪ್ರತಿ ಗುಂಪಿಗೂ ಎರಡೇ ಪ್ರಶ್ನೆ: ಲೇಖಕ ಮುಪ್ಪನ್ನು ಏನೆಂದು ಊಹಿಸಿದ್ದಾನೆ? ನಮಗೆ ತಿಳಿದ ಜೀವಶಾಸ್ತ್ರ ಅದನ್ನು ಒಪ್ಪುತ್ತದೆಯೇ?

ಸ್ವಿಫ್ಟ್‌ನ ಗುಂಪಿನ ಉತ್ತರ: ಅವನು ಸಾವನ್ನು ತೆಗೆದ, ಮುಪ್ಪನ್ನು ಉಳಿಸಿದ. ಆದರೆ ದೇಹ ಕುಸಿಯುತ್ತಾ ಹೋದರೆ ಸಾವಿನ ಸಂಭವವೂ ಏರಬೇಕಲ್ಲ? ಇಲ್ಲಿ ಬೆಂಜಮಿನ್ ಗೊಂಪರ್ಟ್ಸ್ 1825ರಲ್ಲಿ ಕಂಡುಕೊಂಡ ನಿಯಮವನ್ನು ತಂದೆ. ವಯಸ್ಕರಲ್ಲಿ ಸಾವಿನ ಸಂಭವ ಹೆಚ್ಚೂಕಡಿಮೆ ಪ್ರತಿ 8 ವರ್ಷಕ್ಕೆ ಎರಡು ಪಟ್ಟಾಗುತ್ತದೆ. 30ರಿಂದ 70ಕ್ಕೆ ಐದು ಸಲ ಇಮ್ಮಡಿ, ಅಂದರೆ 32 ಪಟ್ಟು ಎಂದು ಮಕ್ಕಳು ಲೆಕ್ಕ ಹಾಕಿದರು. ಮುಪ್ಪಿದ್ದೂ ಸಾವಿಲ್ಲದ ಸ್ಟ್ರಲ್ಡ್‌ಬ್ರಗ್ ಇರಲಾರ.

ಚಾಪೆಕ್‌ನ ನಾಟಕದಲ್ಲಿ ಎರಡನೇ ರುಡಾಲ್ಫ್ ದೊರೆಯ ವೈದ್ಯ ಆಯುಷ್ಯದ ಔಷಧ ತಯಾರಿಸುತ್ತಾನೆ. ದೊರೆ ಅದನ್ನು ಮೊದಲು ವೈದ್ಯನ ಮಗಳ ಮೇಲೇ ಪ್ರಯೋಗಿಸಲು ಹೇಳುತ್ತಾನೆ. ಆಕೆ ಹೆಸರು ಬದಲಿಸುತ್ತಾ 337 ವರ್ಷ ಬದುಕುತ್ತಾಳೆ, ಅದ್ಭುತ ಗಾಯಕಿಯಾಗುತ್ತಾಳೆ, ಆದರೆ ಹಾಡೂ ಪ್ರೀತಿಯೂ ಆಕೆಗೆ ಸಪ್ಪೆಯಾಗಿಬಿಟ್ಟಿರುತ್ತವೆ. ಕೊನೆಗೆ ಆ ಔಷಧದ ಸೂತ್ರವನ್ನು ಒಬ್ಬ ಹುಡುಗಿ ಸುಟ್ಟುಹಾಕುತ್ತಾಳೆ. ಈ ಗುಂಪಿನ ಒಬ್ಬ ಕೇಳಿದ: "ಟೆಲೋಮಿಯರ್ ಸವೆಯದಂತೆ ಔಷಧ ಕೊಟ್ರೆ ಆಯ್ತಲ್ಲ ಮಿಸ್?" ಟೆಲೋಮಿಯರ್ ಬೆಳೆಸುವ ಕಿಣ್ವ ನಮ್ಮಲ್ಲೇ ಇದೆ, ಟೆಲೋಮರೇಸ್. ಹೆಚ್ಚಿನ ಕ್ಯಾನ್ಸರ್ ಕೋಶಗಳು ಅದನ್ನೇ ಬಳಸಿಕೊಂಡು ನಿಲ್ಲದೆ ಒಡೆಯುತ್ತವೆ. ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕದ ಮಹಿಳೆ 1951ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆಕೆಯನ್ನು ಕೇಳದೆ ತೆಗೆದುಕೊಂಡ ಆ ಗೆಡ್ಡೆಯ ಕೋಶಗಳು ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂದಿಗೂ ಒಡೆಯುತ್ತಿವೆ. ಕೋಶಗಳು ಉಳಿದವು, ಆಕೆ ಉಳಿಯಲಿಲ್ಲ. ವಿಭಜನೆಗೆ ಇರುವ ಮಿತಿ ನಮ್ಮನ್ನು ಕಾಯುವ ಬೇಲಿಯೂ ಹೌದು ಎಂಬುದು ಆಗ ಮಕ್ಕಳಿಗೆ ಹೊಳೆಯಿತು.

ಹೈನ್‌ಲೈನ್‌ನ ಕಾದಂಬರಿಯಲ್ಲಿ ಒಂದು ಪ್ರತಿಷ್ಠಾನವು ದೀರ್ಘಾಯುಷಿ ಅಜ್ಜ ಅಜ್ಜಿಯರಿರುವವರಿಗೆ ಹಣ ಕೊಟ್ಟು ತಮ್ಮತಮ್ಮಲ್ಲೇ ಮದುವೆಯಾಗಲು ಉತ್ತೇಜಿಸುತ್ತದೆ. ತಲೆಮಾರುಗಳ ಬಳಿಕ ಅವರ ಆಯುಷ್ಯ ಬಹಳ ಹೆಚ್ಚುತ್ತದೆ. "ಹೋರಿ ತಳಿ ಆರಿಸಿದಂಗೆ" ಎಂದಳು ಒಬ್ಬಳು. ಸರಿಯಾದ ಹೋಲಿಕೆ. ಆಯುಷ್ಯ ಭಾಗಶಃ ಆನುವಂಶಿಕ. ಉಳಿದದ್ದು ಆಹಾರ, ದುಡಿಮೆ, ಕಾಯಿಲೆ, ಹುಟ್ಟಿದ ಮನೆ. ಜೀನಿನ ಪಾತ್ರ ಇದೆ ಎಂಬುದಕ್ಕೆ 1993ರಲ್ಲಿ ಸಿಂಥಿಯಾ ಕೆನ್ಯನ್ ಅವರ ತಂಡ ಪ್ರಕಟಿಸಿದ ಕೆಲಸ ಹೇಳಿದೆ: ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಒಂದೇ ಜೀನಿನ ಬದಲಾವಣೆಯಿಂದ ಆಯುಷ್ಯ ಎರಡು ಪಟ್ಟಾಗಿತ್ತು. ಹುಳುವಿನಲ್ಲಿ ಆದದ್ದು ಮನುಷ್ಯನಲ್ಲೂ ಹಾಗೇ ಆಗುತ್ತದೆ ಎನ್ನುವಂತಿಲ್ಲ ಎಂದು ತಕ್ಷಣ ಸೇರಿಸಿದೆ.

ಅಸಿಮೋವ್‌ನ ಕಥೆಯಲ್ಲಿ ಬೇರೆ ಗ್ರಹಗಳಲ್ಲಿ ನೆಲೆಸಿದ ಸ್ಪೇಸರ್‌ಗಳು ಮುನ್ನೂರು ವರ್ಷಕ್ಕೂ ಮೀರಿ ಬದುಕುತ್ತಾರೆ. ಅವರ ಸಂಖ್ಯೆ ಕಡಿಮೆ, ಸೋಂಕಿನ ಭಯ ಹೆಚ್ಚು. ಕಳೆದುಕೊಳ್ಳುವ ವರ್ಷಗಳು ಬಹಳವಿರುವುದರಿಂದ ಹೊಸ ಸಾಹಸಕ್ಕೆ ಕೈಹಾಕುವುದಿಲ್ಲ. ಇದು ಸಮಾಜದ ಪ್ರಶ್ನೆ. ಗುಂಪು ಚರ್ಚಿಸಿ ಹೇಳಿದ್ದು: "ಮುನ್ನೂರು ವರ್ಷ ಒಬ್ಬರೇ ಹೆಡ್‌ಮಾಸ್ಟರ್ ಆಗಿದ್ರೆ ನೀವು ಯಾವಾಗ ಆಗೋದು ಮಿಸ್?" ಇನ್ನೊಬ್ಬ ಯಯಾತಿಯನ್ನು ನೆನಪಿಸಿದ. ಅಪ್ಪನ ಮುಪ್ಪನ್ನು ಪೂರು ತೆಗೆದುಕೊಂಡನಲ್ಲ, ಒಬ್ಬರಿಗೆ ಸಿಕ್ಕ ಆಯುಷ್ಯವನ್ನು ಯಾರು ಕೊಟ್ಟರು ಎಂದೂ ಕೇಳಬೇಕು ಎಂದ. ಇದು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ.

ಕೊನೆಗೆ ನಿಸರ್ಗದ ದೀರ್ಘಾಯುಷಿಗಳು. ಐಸ್‌ಲ್ಯಾಂಡ್ ಬಳಿ 2006ರಲ್ಲಿ ಸಿಕ್ಕಿದ ಒಂದು ಕಪ್ಪೆಚಿಪ್ಪಿನ ಜೀವಿಗೆ 507 ವರ್ಷ ಎಂದು ಚಿಪ್ಪಿನ ಬೆಳವಣಿಗೆಯ ಗೆರೆ ಎಣಿಸಿ ಕಂಡುಕೊಂಡರು. ನಮ್ಮ ರಾಮೋಹಳ್ಳಿಯ ದೊಡ್ಡ ಆಲದ ಮರಕ್ಕೆ ಸುಮಾರು 400 ವರ್ಷ ಎನ್ನುತ್ತಾರೆ. ಅದರ ತಾಯಿಬುಡ ಕಾಯಿಲೆ ಬಿದ್ದು ಹೋಗಿದೆ, ಬಿಳಲುಗಳೇ ಕಾಂಡವಾಗಿ ನಿಂತಿವೆ. ನೋಡಿದವರು ಅದನ್ನು ಅದೇ ಮರ ಎನ್ನುತ್ತಾರೆ. ನಾವು ಹಾಗೆ ಬಿಳಲು ಬಿಡಲಾರೆವು.

ಮೌಲ್ಯಮಾಪನ ಮತ್ತು ಮನೆಗೆಲಸ

ಐದು ಕಿರುಪ್ರಶ್ನೆಗಳಲ್ಲಿ ಸರಾಸರಿ ಮತ್ತು ಗರಿಷ್ಠದ ವ್ಯತ್ಯಾಸವನ್ನು ಹೆಚ್ಚಿನವರು ಸರಿಯಾಗಿ ಬರೆದರು. "ನರಕೋಶಕ್ಕೆ ಹೇಫ್ಲಿಕ್ ಮಿತಿ ಅನ್ವಯಿಸುತ್ತದೆಯೇ?" ಎಂಬುದಕ್ಕೆ ಒಂಬತ್ತು ಮಂದಿ "ಹೌದು" ಎಂದೇ ಬರೆದಿದ್ದರು. ಮೊದಲ ದಿನ ನಾನು ಹಲಗೆಯ ಮೇಲೆ ಬರೆದದ್ದು ಅವರ ನೋಟ್‌ಬುಕ್ಕಿನಲ್ಲಿ ಹಾಗೇ ಉಳಿದಿತ್ತು. ಒಬ್ಬೊಬ್ಬರ ಪುಸ್ತಕ ತೆಗೆಸಿ ಹೊಡೆದುಹಾಕಿಸಿದೆ. ತಪ್ಪು ಬರೆಯಲು ಒಂದು ನಿಮಿಷ ಹಿಡಿದಿತ್ತು, ಅಳಿಸಲು ಅರ್ಧ ಅವಧಿ ಬೇಕಾಯಿತು.

ಮನೆಗೆಲಸ: ಮನೆಯ ಅಥವಾ ನೆರೆಯ ಹಿರಿಯರೊಬ್ಬರನ್ನು ಕೂತು ಗಮನಿಸಿ, ಅವರಿಗೆ ಈಗ ಆಗದಿರುವುದು ಎರಡು, ಈಗಲೂ ಚೆನ್ನಾಗಿ ಆಗುವುದು ಎರಡು ಬರೆದು ತರಬೇಕು. ಮೂರನೇ ಬೆಂಚಿನ ಆ ಹುಡುಗ ಬರೆದು ತಂದದ್ದು ಇದು: ಅಜ್ಜಿಗೆ ಹೆಸರು ಗೊತ್ತಾಗಲ್ಲ, ಹೊತ್ತು ಗೊತ್ತಾಗಲ್ಲ. ಮೊರದಲ್ಲಿ ರಾಗಿ ಹಾಕಿಕೊಟ್ಟರೆ ಒಂದು ಕಲ್ಲೂ ಉಳಿಯದಂತೆ ಕೇರುತ್ತಾರೆ. ಹಾಡೂ ಬರುತ್ತದೆ. ಕೆಳಗೆ ಪ್ರಶ್ನೆ: "ಅದು ಹೆಂಗೆ ನೆನಪಿದೆ?"

ಹೆಸರು, ಘಟನೆಗಳ ನೆನಪು ಬೇರೆ, ಕೈಗೆ ಪಳಗಿದ ಕೆಲಸದ ನೆನಪು ಬೇರೆ. ಮೆದುಳಿನಲ್ಲಿ ಅವಕ್ಕೆ ಬೇರೆ ಬೇರೆ ಭಾಗಗಳ ನೆರವಿದೆ. ಇಂಥ ಕಾಯಿಲೆಯಲ್ಲಿ ಕೈಗೆಲಸದ ನೆನಪು ಎಷ್ಟೋ ಕಾಲ ಉಳಿಯಬಹುದು. ಇದನ್ನು ಅವನ ಪುಸ್ತಕದಲ್ಲೇ ಬರೆದುಕೊಟ್ಟು, ಅಜ್ಜಿಯನ್ನು ಒಮ್ಮೆ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಅಪ್ಪನಿಗೆ ಹೇಳು ಎಂದೆ. ತಲೆಯಾಡಿಸಿದ.

ಈ ಪಾಠ ಮಾಡುವವರಿಗೆ

1. ಕಾಗದದ ಪಟ್ಟಿಯ ಚಟುವಟಿಕೆ ಖಂಡಿತ ಮಾಡಿಸಿ. ಅದು ಒಡೆಯುವ ಕೋಶಗಳಿಗೆ ಮಾತ್ರ ಎಂಬುದನ್ನು ಅದೇ ಅವಧಿಯಲ್ಲಿ ಹೇಳಿ.
2. ಸ್ವಿಫ್ಟ್‌ನ ಕಥೆ ಹೇಳಿ, ನಟಿಸಬೇಡಿ. ಪ್ರತಿ ತರಗತಿಯಲ್ಲೂ ಒಂದಾದರೂ ಮನೆಯಲ್ಲಿ ಅಂಥ ಅಜ್ಜ ಅಜ್ಜಿ ಇರುತ್ತಾರೆ.
3. ನಾಲ್ಕೂ ಕಥೆಗಳಿಗೆ ಒಂದು ಅವಧಿ ಸಾಲದು. ಸಮಯವಿಲ್ಲದಿದ್ದರೆ ಸ್ವಿಫ್ಟ್ ಮತ್ತು ಚಾಪೆಕ್ ಸಾಕು.
4. ಚೀಟಿಗಳನ್ನು ಅಂದೇ ಓದಿ. ವೀಕ್ಷಣಾ ಹಾಳೆ ಓದುವುದಕ್ಕೆ ಮೊದಲು ಓದಿ.